ಇಚಲಕರಂಜಿಯ ಮಗ್ಗ ಮತ್ತು ನಮ್ಮವರ ಪ್ರಾರ್ಥನೆ

ಕೊಲ್ಹಾಪುರವೇನು ಪರದೇಶವೇ ಎಂದು ನಮ್ಮ ಗದಗ-ಬೆಟಗೇರಿಯ ಓಣಿಯ ಹೆಂಗಸರು ನಕ್ಕರು. ನಗಲಿ. ಅವರಲ್ಲಿ ಹುಬ್ಬಳ್ಳಿ ದಾಟಿದವರೇ ಇಲ್ಲ. ನಮ್ಮ ಕಡೆ ಕಲೆಕ್ಟರ್ ಸಾಹೇಬರ ದರ್ಬಾರು, ಅಲ್ಲಿ ಮಹಾರಾಜರದು. ನಮ್ಮ ಕಡೆ ನೀರು ಕೇಳಿದರೆ ನೀರು ಕೊಡುತ್ತಾರೆ, ಅಲ್ಲಿ 'ಪಾಣೀ' ಅನ್ನದಿದ್ದರೆ ಮುಖ ನೋಡುತ್ತಾರೆ. ಇನ್ನೊಬ್ಬ ಅರಸನ ಸೀಮೆಗೆ ಹೋಗಿ, ಅಲ್ಲಿಯ ಖಾರ ಉಂಡು, ಅಲ್ಲಿಯ ಮಾತಿಗೆ ಕಿವಿ ಹೊಂದಿಸಿಕೊಂಡು, ತಲೆಯೆತ್ತಿ ಮರಳಿ ಬಂದವಳು ನಾನು. ಪರದೇಶ ಅನ್ನುವುದಕ್ಕೆ ಇನ್ನೇನು ಬೇಕು?

ಹೋದದ್ದು ನಮ್ಮವರ ಕೆಲಸದ ಸಲುವಾಗಿ. ನಮ್ಮವರ ಹೆಸರು ಸಾಮುವೇಲ. ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಇಚಲಕರಂಜಿಯ ನೇಮಣ್ಣ ಎಂಬ ಜೈನ ಸಾವಕಾರರು ಮುಂಬಯಿಯಿಂದ ಹಳೆಯ ಯಂತ್ರಮಗ್ಗಗಳನ್ನು ತರಿಸಿ, ಅವುಗಳನ್ನು ಕೂಡಿಸಿ ನಡೆಸಿಕೊಡಲು ಇವರನ್ನು ಕರೆಸಿದ್ದರು. ಆಗಿನ್ನೂ ದೊಡ್ಡ ಯುದ್ಧ ಶುರುವಾಗಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ನಾನೂ ಗಂಟು ಕಟ್ಟಿದೆ.

ನಮ್ಮವರ ಒಂದು ಅಭ್ಯಾಸವನ್ನು ಮೊದಲೇ ಹೇಳಿಬಿಡಬೇಕು. ನಮ್ಮ ತವರಿನಲ್ಲಿ ಪ್ರಾರ್ಥನೆಗೆ ಹೊತ್ತು ಇತ್ತು: ಬೆಳಿಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ, ತಲೆಯ ಮೇಲೆ ಸೆರಗು, ಮುಚ್ಚಿದ ಕಣ್ಣು, ಮಡಿಸಿದ ಮೊಣಕಾಲು. ಇವರದು ಹಾಗಲ್ಲ. ಕಾಲಿಗೆ ಚಪ್ಪಲಿ ಏರಿಸುವಾಗ ಒಂದು ಮಾತು, ಬಾವಿಗೆ ಕೊಡ ಬಿಡುವಾಗ ಒಂದು ಮಾತು, ಬೋಲ್ಟು ಬಿಗಿಯುವಾಗ ಒಂದು ಮಾತು. ಕಣ್ಣು ತೆರೆದೇ ಇರುತ್ತದೆ, ತುಟಿ ಅಲುಗುತ್ತದೆ, ಕೈ ನಿಲ್ಲುವುದಿಲ್ಲ. "ತಿರಗೂ ಯಂತ್ರದ ಮುಂದ ಕಣ್ಣು ಮುಚ್ಚಿದ್ರ ಬಟ್ಟು ಹೋಗ್ತಾವ ಸುಗುಣಾ," ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ಇದು ಪ್ರಾರ್ಥನೆ ಅನ್ನಿಸಿರಲಿಲ್ಲ. ಆಮೇಲಾಮೇಲೆ ರೊಟ್ಟಿ ಬಡಿಯುವಾಗ ನನ್ನ ಬಾಯಿಗೂ ಹತ್ತಿತು.

ಕೊಲ್ಹಾಪುರ: ಇಳಿಯಬಾರದಿದ್ದ ಊರು

ಇಚಲಕರಂಜಿಗೆ ಹೋಗುವವರು ಹಾತಕಣಂಗಲೆ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಬೇಕು. ಮಿರಜದಲ್ಲಿ ಗಾಡಿ ಬದಲಿಸಿದೆವು. ಹೊಸ ಸೀಮೆಯ ಗಾಡಿ ಹತ್ತಿದ್ದೇವೆ, ಒಮ್ಮೆಯಾದರೂ ಸರಿಯಾಗಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋಣ ಎಂದು ನಾನೇ ಹಟ ಹಿಡಿದೆ. ಇಬ್ಬರೂ ತಲೆ ಬಾಗಿಸಿದೆವು. ಗಾಳಿ ತಂಪಾಗಿತ್ತು, ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಆಮೆನ್ ಹೇಳಿದ ನೆನಪು ನನಗಿಲ್ಲ. ಕಣ್ಣು ಬಿಟ್ಟಾಗ ಜನ ಗಂಟುಮೂಟೆ ಇಳಿಸುತ್ತಿದ್ದರು. ಕಿಟಕಿಯ ಹೊರಗೆ ಕೊಲ್ಹಾಪುರ!

ನಮ್ಮವರು ಬೈಯಲಿಲ್ಲ. "ನೋಡಿದ್ಯಾ, ಕಣ್ಣು ಮುಚ್ಚಿದ್ದಕ್ಕ ಸ್ಟೇಶನ್ನ ಹೋತು," ಎಂದು ನಕ್ಕರು.

ಹಿಂದಿರುಗುವ ಗಾಡಿಗೆ ಮಧ್ಯಾಹ್ನದವರೆಗೆ ಕಾಯಬೇಕಿತ್ತು. ಊರು ನೋಡಲು ಹೊರಟೆವು. ಅಲ್ಲಿ ನಾನು ಮೊದಲು ಗಮನಿಸಿದ್ದು ಚಪ್ಪಲಿಯ ಸದ್ದು. ನಮ್ಮ ಕಡೆ ಚಪ್ಪಲಿ ಕರ್ರೆಂದರೆ ಮೋಚಿಯ ಹತ್ತಿರ ಒಯ್ದು ಜಗಳ ತೆಗೆಯುತ್ತೇವೆ. ಅಲ್ಲಿ ಕರ್ರೆನ್ನದಿದ್ದರೆ ಕೊಳ್ಳುವುದೇ ಇಲ್ಲವಂತೆ. ಬೀದಿಯ ತುಂಬ ಗಂಡಸರು ಕರ್ರ್ ಕರ್ರ್ ಎಂದು ನಡೆಯುತ್ತಿದ್ದರು, ಪ್ರತಿಯೊಬ್ಬನೂ ತಾನೇ ಮಹಾರಾಜ ಎಂಬಂತೆ.

ಒಂದು ಮೂಲೆಯಲ್ಲಿ ಎಮ್ಮೆಗಳನ್ನು ಸಾಲಾಗಿ ನಿಲ್ಲಿಸಿ, ಕೇಳಿದವರಿಗೆ ಅಲ್ಲೇ ಹಾಲು ಕರೆದು ಕೊಡುತ್ತಿದ್ದರು. ಪೈಲವಾನರು ಸುತ್ತ ನಿಂತು ಗಟಗಟ ಕುಡಿಯುತ್ತಿದ್ದರು. ನಮ್ಮ ಗೌಳಿಗ ಕೊಡದ ಬಾಯಿ ಮುಚ್ಚಿಕೊಂಡು ಬರುತ್ತಾನೆ. ಒಳಗೆ ಹಾಲೆಷ್ಟು, ಬಾವಿಯೆಷ್ಟು ಅವನಿಗೇ ಗೊತ್ತು. ಇಲ್ಲಿ ಮೋಸಕ್ಕೆ ಜಾಗವೇ ಇಲ್ಲ. ನಮಗೂ ನೊರೆಹಾಲು ಬಂತು. ನಾನು ಲೋಟ ಹಿಡಿದು, ರೂಢಿಯಂತೆ ತುಸು ತಲೆ ಬಾಗಿಸಿ ತುಟಿ ಅಲುಗಿಸಿದೆ. ಗೌಳಿಗನ ಮುಖ ಸಣ್ಣದಾಯಿತು.

"ಕಾಯ್ ಝಾಲಂ ಬಾಯೀ? ದೂಧ್ ಚಾಂಗಲಂ ನಾಹೀ ಕಾ?" ಎಂದ. ಹಾಲು ಚೆನ್ನಾಗಿಲ್ಲವೇ, ಈಕೆ ಅದರಲ್ಲಿ ಕಸ ಕಂಡಳೋ ಏನೋ ಎಂದು ಅವನ ದಿಗಿಲು.

ನಮ್ಮವರು ತಮಗೆ ಬರುವ ಅರ್ಧಮರ್ಧ ಮರಾಠಿಯಲ್ಲಿ, ಹಾಲು ಒಳ್ಳೆಯದೇ ಇದೆ, ಅದಕ್ಕಾಗಿ ಈಕೆ ದೇವರಿಗೆ ಉಪಕಾರ ಹೇಳುತ್ತಿದ್ದಾಳೆ ಎಂದು ತಿಳಿಸಿದರು. ಗೌಳಿಗ ಒಂದು ಗಳಿಗೆ ಯೋಚಿಸಿ, ಎಮ್ಮೆಯ ಬೆನ್ನು ತಟ್ಟಿ, "ಮಗ್ ಮಾಝ್ಯಾ ಮ್ಹಶೀಸಾಠೀ ಪಣ್ ಸಾಂಗಾ ಕೀ!" ಎಂದ. ನನ್ನ ಎಮ್ಮೆಗೂ ಒಂದು ಮಾತು ಹೇಳಿಬಿಡಿ ಅಂತ!

ಪೈಲವಾನರೆಲ್ಲ ನಕ್ಕರು. ಆದರೆ ಅವನು ನಗಲಿಲ್ಲ, ಕಾದು ನಿಂತ. ಎಮ್ಮೆಗಾಗಿ ನಾನು ಅದುವರೆಗೆ ಪ್ರಾರ್ಥಿಸಿರಲಿಲ್ಲ. ಅಂದು ಕೊಲ್ಹಾಪುರದ ನಡುಬೀದಿಯಲ್ಲಿ, ಕಣ್ಣು ತೆರೆದುಕೊಂಡೇ, "ಅಪ್ಪಾ, ಈ ಎಮ್ಮಿಗೆ ಹಸೀ ಮೇವು ಕೊಡು, ಇದರ ಕರು ಬದುಕಲಿ," ಎಂದೆ. ಗೌಳಿಗನಿಗೆ ಕನ್ನಡ ತಿಳಿಯದು. ಆದರೂ ಕೈ ಮುಗಿದ.

ಇಚಲಕರಂಜಿ: ಕರಿ ಮಣ್ಣಿನ ಊರು

ಇಚಲಕರಂಜಿಯಲ್ಲಿ ನಮಗೆ ಕಾರಖಾನೆಯ ಹಿಂದಿನ ಸಾಲುಮನೆಗಳ ಚಾಳಿನಲ್ಲಿ ಒಂದು ಕೋಣೆ, ಅಲ್ಲಿಯವರ ಮಾತಲ್ಲಿ ಖೋಲಿ, ಸಿಕ್ಕಿತು. ಪಕ್ಕದ ಖೋಲಿಯಲ್ಲಿ ಬನಹಟ್ಟಿ ಕಡೆಯ ನೇಕಾರ ಬಸಪ್ಪ ಮತ್ತು ಅವನ ಹೆಂಡತಿ ನಿಂಗವ್ವ. ನಮ್ಮ ಮಾತೇ ಅವರದೂ, ನಡುನಡುವೆ ಮರಾಠಿ ಬೆರೆಯುತ್ತಿತ್ತು ಅಷ್ಟೆ. ನಿಂಗವ್ವ ಮೊದಲ ದಿನವೇ ಕಡಲೆಹಿಟ್ಟಿನ ಝುಣಕಾ ಕೊಟ್ಟಳು. ಅದರ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಹರಿಯಿತು. "ತವರು ನೆನಪಾತೇನ್ರಿ?" ಎಂದು ಆಕೆ ಮರುಗಿದಳು. ಹೌದೆಂದೆ. ಸುಳ್ಳೂ ಅಲ್ಲ; ನಮ್ಮ ಗದಗಿನ ಮೆಣಸಿನಕಾಯಿಗೆ ಕೆಂಪು ಹೆಚ್ಚು, ಉರಿ ಕಡಿಮೆ.

ನಮ್ಮವರು ಮಗ್ಗಗಳನ್ನು ಒಂದೊಂದಾಗಿ ಕೂಡಿಸಿದರು. ಎಲ್ಲರೂ ಇವರನ್ನು ಸಾಮಣ್ಣ ಮೇಸ್ತ್ರಿ ಎಂದು ಕರೆಯತೊಡಗಿದರು. ಎಂಜಿನ್ ಹೊತ್ತಿಸಿ, ಮೇಲಿನ ಉದ್ದ ಸರಳಿನ ಗಾಲಿಗಳಿಗೆ ಚರ್ಮದ ಪಟ್ಟಾ ಏರಿಸಿದರೆ ಶೆಡ್ಡಿನ ತುಂಬ ಖಡಖಡ ಸದ್ದು. ಎಲ್ಲ ಮಗ್ಗಗಳೂ ನಡೆದವು. ಬಾಗಿಲ ಪಕ್ಕದ್ದೊಂದು ಮಾತ್ರ ಮಾತು ಕೇಳಲಿಲ್ಲ. ನೂಲನ್ನು ಅತ್ತಿಂದಿತ್ತ ಒಯ್ಯುವ ಲಾಳಿ ಇರುತ್ತದಲ್ಲ, ಚೂಪು ತುದಿಯ ಗಟ್ಟಿ ಮರದ್ದು, ಅದು ದಾರಿ ಬಿಟ್ಟು ಹೊರಗೆ ಹಾರುತ್ತಿತ್ತು. ನಮ್ಮವರು ಬಿಚ್ಚಿ ಕಟ್ಟಿದರು, ಮತ್ತೆ ಬಿಚ್ಚಿ ಕಟ್ಟಿದರು. ಒಂದು ಬೆಳಿಗ್ಗೆ ಅದು ಹಾರಿ ಬಸಪ್ಪನ ಕಿವಿಯನ್ನು ಸೀಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಇನ್ನೊಂದು ಬೆರಳಿನಷ್ಟು ಈಚೆ ಬಂದಿದ್ದರೆ ಕಣ್ಣು ಹೋಗುತ್ತಿತ್ತು.

ಆ ದಿನವೇ ಗುಸುಗುಸು ಶುರುವಾಯಿತು. ನಿಂಗವ್ವ ನನ್ನ ಹೊಸ್ತಿಲ ಹೊರಗೇ ನಿಂತು ಹೇಳಿದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮೇಸ್ತ್ರಿಯವರು ಮಗ್ಗದ ಮುಂದ ನಿಂತು ಬಾಯಾಗ ಏನೋ ಮಣಮಣ ಅಂತಾರಂತ. ಬೋಲ್ಟಿಗೊಂದು ಮಂತ್ರ ಹಾಕ್ತಾರಂತ. ಕಿರಿಸ್ತಾನ ಮಾಟ ಅಂತ ಎಲ್ಲಾರೂ ಅನ್ನಾಕತ್ಯಾರ. ಆ ಮಗ್ಗಕ್ಕ ಯಾರೂ ನಿಲ್ಲೂದಿಲ್ಲಂತ."

"ನಿಮ್ಮ ಯಜಮಾನರೂ ಹಂಗ ಅಂತಾರೇನು?"

"ಅವರು ಏನೂ ಅನವಲ್ಲರು. ಕಿವಿ ಹಿಡಕೊಂಡು ಮಲಗ್ಯಾರ."

ಆಕೆ ಅಂದು ನಮ್ಮ ಖೋಲಿಯೊಳಗೆ ಕಾಲಿಡಲಿಲ್ಲ. ಅದು ನನಗೆ ಖಾರಕ್ಕಿಂತ ಹೆಚ್ಚು ಉರಿಯಿತು.

ನಮ್ಮವರು ಮನೆಗೆ ಬಂದಾಗ ಎಲ್ಲ ಹೇಳಿದೆ. "ಏನು ಅಂತೀರಿ ಅನ್ನೋದನ್ನ ಅವರಿಗೆ ಹೇಳಿಬಿಡ್ರಿ. ಮುಗೀತದ."

ಅವರು ತಲೆಯಾಡಿಸಿದರು. "ಅದು ನಾನೂ ಮ್ಯಾಲಿನ ಅಪ್ಪನೂ ಆಡೋ ಮಾತು. ಸಂತ್ಯಾಗ ಹರವಾಕ ಆಗೂದಿಲ್ಲ. ಮಂದಿಗೆ ತೋರಸಾಕ ಮಾಡಿದ್ರ ಅದು ಪ್ರಾರ್ಥನಿ ಅಲ್ಲ, ನಾಟಕ."

"ಹೇಳದಿದ್ರ ಕೆಲಸ ಹೋಗ್ತದ. ಮಾಟಗಾರ ಅನ್ನೋ ಹೆಸರು ಬೆನ್ನು ಹತ್ತಿ ಹುಬ್ಬಳ್ಳಿ ತನಕ ಬರ್ತದ."

"ಹೌದು," ಎಂದರು. ಕೈ ತೊಳೆದುಕೊಳ್ಳುವಾಗ ಅವರ ತುಟಿ ಅಲುಗಿದ್ದು ಕಂಡಿತು. 'ಬಸಪ್ಪ' ಎಂಬುದೊಂದು ಮಾತ್ರ ನನಗೆ ಕೇಳಿಸಿತು.

ಇಚಲಕರಂಜಿ: ಮರುದಿನ

ಬೆಳಿಗ್ಗೆ ನೇಮಣ್ಣ ಸಾವಕಾರರು ಎಂಜಿನ್ ನಿಲ್ಲಿಸಿ ಎಲ್ಲರನ್ನೂ ಶೆಡ್ಡಿಗೆ ಕರೆದರು. ನಾನೂ ಹೋದೆ. ಸಾವಕಾರರು ಕೆಟ್ಟವರಲ್ಲ, ಆದರೆ ಮಗ್ಗ ನಿಂತರೆ ಅವರ ಉಸಿರು ನಿಲ್ಲುತ್ತಿತ್ತು. ಅವರ ವಯಸ್ಸಾದ ತಾಯಿಯೂ ಬಂದು ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಅಕಿವಾಟ ಎಂಬ ಹಳ್ಳಿಯ ಮನೆಮಗಳು, ಮಾತು ಅಚ್ಚ ಕನ್ನಡ.

"ಮೇಸ್ತ್ರಿ, ಎಲ್ಲಾರ ಮುಂದ ಕೇಳ್ತೇನಿ," ಎಂದರು ಸಾವಕಾರರು. "ಮಗ್ಗಕ್ಕ ಕೈ ಹಚ್ಚಿದಾಗೊಮ್ಮೆ ಏನಂತೀರಿ? ಸಾಫ್ ಹೇಳ್ರಿ. ಇಲ್ಲಾಂದ್ರ ಇವತ್ತ ಗಂಟು ಕಟ್ರಿ."

ನಮ್ಮವರು ಬೋಲ್ಟು ತಿರುಗಿಸುವ ಪಾನಾವನ್ನು ಬಿಗಿಯಾಗಿ ಹಿಡಿದು ನಿಂತರು. ಮುಖ ಕೆಂಪಾಗಿತ್ತು. ಯಾರೋ ಹಿಂದಿನಿಂದ, "ನೋಡ್ರಿ, ಬಾಯಿ ಬಿಡವಲ್ಲ," ಎಂದರು.

ಆಗ ಆಯಿ ಮಾತಾಡಿದರು. "ಮಗಾ, ಇಲ್ಲಿ ನೋಡು. ನಾ ಎದ್ದ ಕೂಡಲೇ ಣಮೋಕಾರ ಮಂತ್ರ ಅಂತೇನಿ. ಮಜ್ಜಿಗಿ ಕಡಿಯೂಮುಂದ ಅಂತೇನಿ. ಇವರೆಲ್ಲಾ ದಿನಾ ಕೇಳ್ತಾರ, ಒಬ್ಬರಾದ್ರೂ ಮಾಟ ಅಂತಾರೇನು? ನೀನೂ ಏನೋ ಚಲೋದ ಅಂತಿರಬೇಕು. ತೋರಸಾಕ ಹೇಳಬ್ಯಾಡ. ಇವರ ಅಂಜಿಕಿ ಬಿಡಸಾಕ ಹೇಳು."

ಆ ಮಾತು ನಮ್ಮವರನ್ನು ಮುಟ್ಟಿತು. ಅವರು ಪಾನಾ ಕೆಳಗಿಟ್ಟು, ಆ ಹಟಮಾರಿ ಮಗ್ಗದ ಮೇಲೆ ಕೈಯಿಟ್ಟು, ದಿನವೂ ತುಟಿಯೊಳಗೆ ಹೇಳುತ್ತಿದ್ದುದನ್ನು ಅಂದು ಎಲ್ಲರಿಗೂ ಕೇಳುವಂತೆ ಹೇಳಿದರು.

"ಅಪ್ಪಾ, ಈ ಬೋಲ್ಟು ಬಿಗಿ ಇರಲಿ. ಈ ಪಟ್ಟಾ ಹರೀದಿರಲಿ. ಈ ಮಗ್ಗಕ್ಕ ನಿಲ್ಲಾವನ ಕಣ್ಣು ಕಾಯಿ, ಬಟ್ಟು ಕಾಯಿ. ಅವನ ಮನ್ಯಾಗ ಒಲಿ ಆರಬಾರದು. ಸಾವಕಾರ್ರ ಮನಸು ದೊಡ್ಡದಿರಲಿ." ಇಷ್ಟು ಹೇಳಿ ಬಸಪ್ಪನ ಕಡೆ ತಿರುಗಿದರು. "ನಿನ್ನೆಯಿಂದ ಇನ್ನೊಂದು ಕೂಡಸೇನಿ. ಬಸಪ್ಪನ ಕಿವಿ ಲಗೂನ ಮಾಯಲಿ."

ಸಾವಕಾರರು ಶಾಲು ಸರಿಪಡಿಸಿಕೊಂಡು, "ನನ್ನ ಮನಸಿಗೂ ಬೋಲ್ಟು ಹಾಕ್ಯಾನ ನೋಡವ್ವಾ," ಎಂದರು ಆಯಿಗೆ. ಜನ ನಕ್ಕರು. ಗಟ್ಟಿಯಾಗಿ, ಒಟ್ಟಿಗೆ, ಭಯ ಬಿಟ್ಟು ನಕ್ಕರು. ತಲೆಗೆ ಬಟ್ಟೆ ಕಟ್ಟಿಕೊಂಡ ಬಸಪ್ಪ ಮಾತ್ರ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದ.

ಮುದುಕ ನೇಕಾರನೊಬ್ಬ, "ಮಾತು ಭಾಳ ಚಲೋ ಅದಾವ್ರಿ ಮೇಸ್ತ್ರಿ. ಖರೇ, ಲಾಳಿಗೆ ಕನ್ನಡ ತಿಳೀಬೇಕಲ್ಲ?" ಎಂದ.

"ಅದಕ್ಕ ಪಾನಾ ಐತಿ," ಎಂದರು ನಮ್ಮವರು.

ಒಂದು ತಾಟಿನ ತುಂಬ ನೀರು ತರಿಸಿ ಮಗ್ಗದ ಚೌಕಟ್ಟಿನ ಮೇಲಿಟ್ಟರು. ನೀರು ಒಂದು ಬದಿಗೆ ಜಾರಿ ತುಳುಕಿತು. ಈ ಮಗ್ಗಕ್ಕೆ ಬಂದ ರೋಗ ಕೈಕಾಲಿನದಲ್ಲ, ನೆಲದ್ದು. ಇಡೀ ಮಳೆಗಾಲದ ನೀರು ಕುಡಿದ ಕರಿ ಮಣ್ಣು ಬಾಗಿಲ ಬದಿಗೆ ಕುಸಿದು, ಒಂದು ಕಾಲಿನ ಕೆಳಗಿನ ಕಲ್ಲು ಕಣ್ಣಿಗೆ ಕಾಣದಷ್ಟು ಇಳಿದಿತ್ತು. ಗಂಡಸರೆಲ್ಲ ಸೇರಿ ಹಾರೆ ಹಾಕಿ ಮಗ್ಗ ಎತ್ತಿದರು. ಮಣ್ಣು ತೆಗೆದು, ಜಲ್ಲಿ ಬಡಿದು, ಹೊಸ ಹಾಸುಗಲ್ಲು ಕೂರಿಸಿದರು. ತಾಟಿನ ನೀರು ಅಲುಗದೆ ನಿಂತಿತು. "ಪ್ರಾರ್ಥನಿ ಮಾಡಿದ್ರ ನೆಲ ತಾನ ಏಳೂದಿಲ್ಲ," ಎಂದರು ನಮ್ಮವರು ಬೆವರು ಒರೆಸಿಕೊಳ್ಳುತ್ತ. "ಎತ್ತಾಕ ಇಷ್ಟು ಮಂದಿನ್ನ ಕೊಡ್ತಾನ."

ಎಂಜಿನ್ ಹೊತ್ತಿತು. ಪಟ್ಟಾ ತಿರುಗಿತು. ಆದರೆ ಮಗ್ಗಕ್ಕೆ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಮಾಟದ ಭಯ ಹೋಗಿತ್ತು, ಲಾಳಿಯ ಭಯ ಹೋಗಿರಲಿಲ್ಲ. ಅದು ತಪ್ಪಲ್ಲ, ಕಣ್ಣು ಎಲ್ಲರಿಗೂ ಬೇಕು. ನಮ್ಮವರು ಎಂಜಿನ್ ಮತ್ತು ಪಟ್ಟಾದ ಹತ್ತಿರ ನಿಲ್ಲಲೇಬೇಕಿತ್ತು, ಏನಾದರೂ ಆದರೆ ತಟ್ಟನೆ ನಿಲ್ಲಿಸಲು.

ನಾನು ಬೆಟಗೇರಿಯ ನೇಕಾರರ ಮಗಳು. ಕೈಮಗ್ಗದ ಮುಂದೆ ಹುಟ್ಟಿ, ಕೈಮಗ್ಗದ ಸದ್ದಿಗೆ ಮಲಗಿ ಬೆಳೆದವಳು. ಹರಿದ ಎಳೆ ಕಟ್ಟಲು, ಲಾಳಿಯಲ್ಲಿ ನೂಲು ಸುತ್ತಿದ ಕಂಡಿಕೆ ಬದಲಿಸಲು ನನಗೆ ಯಾರೂ ಕಲಿಸಬೇಕಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋದೆ.

"ಹೆಂಗಸು? ಕಾರಖಾನ್ಯಾಗ?" ಎಂದಿತು ಒಂದು ದನಿ.

"ನಿಲ್ಲಲಿ ಬಿಡ್ರಿ," ಎಂದರು ಆಯಿ. "ನಿಮಗ್ಯಾರಿಗೂ ಆಗವಲ್ದು, ಆಕಿಗಾದ್ರೂ ಆಗಲಿ."

ನಮ್ಮವರು ದೂರದಿಂದ ನನ್ನನ್ನು ನೋಡಿದರು. ಬೇಡ ಅನ್ನಲಿಲ್ಲ. ಅವರ ತುಟಿ ಅಲುಗಿತು. ನಾನು ಹಿಡಿಕೆ ಎಳೆದೆ.

ಕೈಮಗ್ಗ ನಮ್ಮ ಮಾತು ಕೇಳುತ್ತದೆ. ಯಂತ್ರಮಗ್ಗ ಓಡುತ್ತದೆ, ಅದರ ಬೆನ್ನು ಹಿಡಿದು ನಾವು ಓಡಬೇಕು. ಖಟ್ ಖಟ್ ಎಂದು ಲಾಳಿ ನನ್ನ ಹೊಟ್ಟೆಯ ಮುಂದೆ ಹಾದುಹೋಗುತ್ತಿತ್ತು. ಮೊದಲು ನನಗಾಗಿಯೇ ಪ್ರಾರ್ಥಿಸಿದೆ, ಸುಳ್ಳೇಕೆ ಹೇಳಲಿ. 'ಅಪ್ಪಾ, ನನ್ನ ಕಣ್ಣು' ಎಂದೆ. ಲಾಳಿ ದಾರಿ ಬಿಡಲಿಲ್ಲ. ಕಂಡಿಕೆ ತೀರಿತು, ಬದಲಿಸಿದೆ. ಆಗ ಬಸಪ್ಪನ ಹೆಸರು ಬಾಯಿಗೆ ಬಂತು. ಮುಂದಿನ ಕಂಡಿಕೆಗೆ ನಿಂಗವ್ವನದು. ಆಮೇಲೆ ಆಯಿಯದು, ಸಾವಕಾರರದು, ಹೆಸರು ಗೊತ್ತಿಲ್ಲದ ಆ ಮುದುಕನದು. ಬಟ್ಟೆ ಬೆಳೆಯುತ್ತ ಹೋಯಿತು. ತವರಿನ ಮಣೆಯ ಮೇಲೆ ಮೊಣಕಾಲೂರಿದಾಗಲೂ ದೇವರು ನನಗೆ ಅಷ್ಟು ಹತ್ತಿರ ಬಂದಿರಲಿಲ್ಲ.

ಯಾರೋ ಹಿಂದೆ ಬಂದು ನಿಂತರು. ತಿರುಗಿದರೆ ಬಸಪ್ಪ.

"ಸರೀರಿ ಅಕ್ಕಾರ," ಎಂದ. "ಇದು ನನ್ನ ಮಗ್ಗ."

ನಾನು ಸರಿದೆ. ಆತ ಹಿಡಿಕೆ ಹಿಡಿಯುವ ಮುಂಚೆ ಮಗ್ಗದ ಮರ ಮುಟ್ಟಿ, ಬಾಯೊಳಗೆ ಏನೋ ಅಂದ. ನಮ್ಮವರು ಹತ್ತಿರ ಬಂದು, "ಏನಂದಿ ಬಸಪ್ಪಾ?" ಎಂದು ಕೇಳಿದರು.

"ನೀವು ಅಂದದ್ದನ್ನ ಅಂದೆ. ನಮ್ಮ ಬಸವಣ್ಣಗ ಅಂದೆ."

ಆಯಿ ಎದ್ದು ಬಂದು, ನಾನು ನೇಯ್ದ ಬಟ್ಟೆಯನ್ನು ಬೆರಳಿನಿಂದ ಸವರಿ ನೋಡಿದರು. ಬಾಗಿಲ ಹೊರಗೆ ನಿಂಗವ್ವ ಕಾಯುತ್ತಿದ್ದಳು. ಅಂದು ಊಟ ನಮ್ಮ ಖೋಲಿಯೊಳಗೆ, ಎರಡೂ ಮನೆಯವರದು ಒಂದೇ ಬುಟ್ಟಿಯ ರೊಟ್ಟಿ. ನಾಲ್ಕು ಜನರಲ್ಲಿ ನನ್ನಷ್ಟು ಬೀಗಿದವರು ಯಾರೂ ಇರಲಿಲ್ಲ. ನಮ್ಮವರ ಬಗ್ಗೆ ಹೆಮ್ಮೆ ಅರ್ಧ. ಇನ್ನರ್ಧ ನನ್ನ ಬಗ್ಗೆಯೇ. ಅಡಗಿಸಿಡುವುದೇಕೆ?

ಗಡಹಿಂಗ್ಲಜ: ಹಿರಣ್ಯಕೇಶಿಯ ದಂಡೆ

ಕೆಲಸ ಮುಗಿದ ಮೇಲೆ ನೇರವಾಗಿ ಊರಿಗೆ ಮರಳಲಿಲ್ಲ. ಗಡಹಿಂಗ್ಲಜದಲ್ಲಿ ನಮ್ಮವರ ಸೋದರತ್ತೆ ಮಾರ್ಥಾಬಾಯಿ ಇದ್ದರು. ತಂದೆತಾಯಿ ಜ್ವರದಲ್ಲಿ ತೀರಿಕೊಂಡ ಮೇಲೆ ಇವರನ್ನು ಬೆಳೆಸಿದ್ದು ಆಕೆ. ಮದುವೆಗೆ ಬರಲಾಗಿರಲಿಲ್ಲ, ನಾನು ನೋಡಿಯೇ ಇರಲಿಲ್ಲ.

ಮೋಟಾರಿನಲ್ಲಿ ಹೊರಟೆವು. ಸಂಕೇಶ್ವರದಲ್ಲಿ ಒಣಮೆಣಸಿನಕಾಯಿ ಚೀಲಗಳನ್ನು ಒಳಗೇ ಒಟ್ಟಿದರು. ಮುಂದೆ ದಾರಿಯುದ್ದಕ್ಕೂ ಡ್ರೈವರನಿಂದ ಹಿಡಿದು ಕೂಸಿನವರೆಗೆ ಎಲ್ಲರೂ ಸೀನಿದರು. ನಮ್ಮವರ ಪ್ರಾರ್ಥನೆ 'ಅಪ್ಪಾ' ಎನ್ನುವಲ್ಲಿಗೇ ತುಂಡಾಗುತ್ತಿತ್ತು. ಸೀನಿನ ನಡುವೆಯೇ ಅವರು ಅತ್ತೆಯ ಕಥೆ ಹೇಳಿದರು. ಅತ್ತೆ ಹಿರಣ್ಯಕೇಶಿ ಹೊಳೆಯಿಂದ ನೀರು ಹೊತ್ತು ಮನೆಮನೆಗೆ ಹಾಕಿ ಬದುಕಿದವರು. ಮೊಣಕಾಲೂರಲು ಪುರುಸೊತ್ತಿಲ್ಲ. ತಲೆಯ ಮೇಲೆ ಕೊಡ, ಸೆರಗಿನ ತುದಿ ಹಿಡಿದು ಈ ಹುಡುಗ. ಹೆಜ್ಜೆಹೆಜ್ಜೆಗೆ ದೇವರೊಂದಿಗೆ ಮಾತು. ಕೊಡ ತುಳುಕಬಾರದು, ಹಾಗಾಗಿ ತಲೆ ಬಾಗಿಸುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ಇವರ ಪ್ರಾರ್ಥನೆ ಹುಟ್ಟಿದ್ದು ಗಿರಣಿಯಲ್ಲಲ್ಲ, ಆ ಹೊಳೆಯ ದಾರಿಯಲ್ಲಿ ಎಂದು ನನಗೆ ಆಗ ತಿಳಿಯಿತು.

ಮನೆಯ ಬಾಗಿಲಲ್ಲಿ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಅವರ ಇನ್ನೊಬ್ಬ ತಮ್ಮನ ಮಗಳು ರಾಹೇಲ ಎದುರಾದಳು. ದನಿ ತಗ್ಗಿಸಿ, "ಅಣ್ಣಾ, ಅತ್ತೀಗ ಈಗ ಯಾರ ಗುರ್ತೂ ಸಿಗೂದಿಲ್ಲ. ಮನಸಿಗೆ ಹಚಗೋಬ್ಯಾಡ," ಎಂದಳು.

ಹಿತ್ತಲ ಬಿಸಿಲಿನಲ್ಲಿ ಅತ್ತೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಆಜರಾ ಕಡೆಯ ಸಣ್ಣಕ್ಕಿ, ಹಸಿಯಾಗಿದ್ದಾಗಲೇ ಘಮ್ಮೆನ್ನುತ್ತಿತ್ತು. ನಮ್ಮವರು ಮುಂದೆ ಕೂತು, "ಅತ್ತೀ, ನಾನು," ಎಂದರು. ಅತ್ತೆ ಮುಖ ನೋಡಿ, ದಾರಿಹೋಕನಿಗೆ ನಗುವಂತೆ ನಕ್ಕು, ಮತ್ತೆ ಮೊರಕ್ಕೆ ಕಣ್ಣಿಳಿಸಿದರು. ನಮ್ಮವರು ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಅಷ್ಟರಲ್ಲಿ ಅತ್ತೆಯ ತುಟಿ ಅಲುಗಿತು. ಒಂದು ಕಲ್ಲು ಹೆಕ್ಕಿ ಎಸೆದು, "ಅಪ್ಪಾ, ನಮ್ಮ ಸಾಮೂನ್ನ ಕಾಯಿ," ಎಂದರು. ಇನ್ನೊಂದು ಕಲ್ಲು. "ಅಪ್ಪಾ, ಸಾಮೂ ಯಂತ್ರಾ ಕಂಡಲ್ಲಿ ಓಡ್ತಾನ. ಅವನ ಬಟ್ಟು ಕಾಯಿ." ಮತ್ತೊಂದು. "ಅವನ ಕೈಗೆ ಕೆಲಸಾ ಕೊಡು, ಬಾಯಿಗೆ ನಿನ್ನ ಹೆಸರು ಕೊಡು."

ಮುಂದೆ ಕೂತವನೇ ಸಾಮು ಎಂಬುದು ಆಕೆಗೆ ಗೊತ್ತಿರಲಿಲ್ಲ. ಎಲ್ಲ ಮರೆತಿದ್ದರು, ಇದನ್ನು ಮಾತ್ರ ಮರೆತಿರಲಿಲ್ಲ. ಇಷ್ಟು ವರ್ಷ, ನಾವು ಹುಬ್ಬಳ್ಳಿಯಲ್ಲಿ ಉಣ್ಣುವಾಗ, ಮಲಗುವಾಗ, ಲಾಳಿ ಹಾರಿದ ಆ ಬೆಳಿಗ್ಗೆ ಕೂಡ, ಈ ಹಿತ್ತಲಲ್ಲಿ ಇದು ನಡೆದೇ ಇತ್ತು. ನಮ್ಮವರು ಅಳಲಿಲ್ಲ. ಪ್ರತಿ ಮಾತಿಗೂ ಮೆಲ್ಲಗೆ "ಆಮೆನ್" ಎನ್ನುತ್ತ ಹೋದರು.

ಅತ್ತೆ ಮೊರ ಒಮ್ಮೆ ಕೇರಿದರು. "ಅಪ್ಪಾ, ನಮ್ಮ ಸಾಮೂಗ ಒಂದು ಚಲೋ ಹೇಣ್ತಿನ್ನ ಕೊಡು."

ನಮ್ಮವರು ನನ್ನ ಕಡೆ ತಿರುಗಿದರು. "ಕೊಟ್ಟಾನ್ರಿ ಅತ್ತಿ," ಎಂದರು.

ಅತ್ತೆಯ ಕೈ ನಿಂತಿತು. ಮೊದಲ ಸಲ ನನ್ನನ್ನು ದಿಟ್ಟಿಸಿದರು. "ನೀ ಏನವ್ವಾ? ಹೆಸರೇನು?"

"ಸುಗುಣಾ ರೀ."

ಅವರು ನನ್ನ ಕೈ ಹಿಡಿದು ತಿರುಗಿಸಿ, ನೂಲು ಉಜ್ಜಿ ಗಟ್ಟಿಯಾದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮುಖ ಅರಳಿತು. ಮೊರದ ಒಂದು ಅಂಚನ್ನು ನನ್ನ ತೊಡೆಯ ಮೇಲೆ ಇಟ್ಟು, "ಹಂಗಾರ ಕುಂದರು. ಅಕ್ಕಿ ಭಾಳ ಐತಿ," ಎಂದರು.

ಕುಳಿತೆ. ಅತ್ತೆ ಮುಂದಿನ ಕಲ್ಲು ಹೆಕ್ಕಿದರು. "ಅಪ್ಪಾ, ಸುಗುಣಾ ಬಂದಾಳ," ಎಂದರು.